ರೀಬಾಂಡಿಂಗ್ ಬಿಟ್ಟ ಗುಂಗುರು ಕೂದಲು: 14 ತಿಂಗಳ ಕೆಲಸದ ದಾಖಲೆ

ಒಂದೇ ತಲೆಯ ಕೂದಲಿನ ಮೇಲೆ ನಡೆದ ಕೆಲಸ ಇದು. ಕೊನೆಯ ರೀಬಾಂಡಿಂಗ್, ಅಂದರೆ ರಾಸಾಯನಿಕ ಹಚ್ಚಿ ಗುಂಗುರನ್ನು ಕಾಯಂ ನೇರ ಮಾಡಿಸುವುದು, ಆದದ್ದು ಮೇ 2023ರಲ್ಲಿ. ಆಮೇಲೆ ಬುಡಕ್ಕೆ ಟಚ್‌ಅಪ್ ಮಾಡಿಸಿಲ್ಲ. ಜಾಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್, ನೀರು ಕೊಳವೆಬಾವಿಯದು. ಒಮ್ಮೆಗೇ ಗಿಡ್ಡ ಮಾಡಿಸಲು ಮನಸ್ಸಿಲ್ಲದವರು ಹೊಸ ಗುಂಗುರು, ಹಳೆ ನೇರ ಕೂದಲು ಎರಡನ್ನೂ ಒಂದೇ ತಲೆಯಲ್ಲಿ ಸಾಕಬೇಕಾಗುತ್ತದೆ. ಅದಕ್ಕೆ ಏನೇನು ಬೇಕಾಯಿತು, ಎಲ್ಲೆಲ್ಲಿ ಕೆಟ್ಟಿತು ಎಂಬುದು ಇಲ್ಲಿದೆ.

ಶುರು ಮಾಡುವ ಮೊದಲು ಒಂದು ಮಾತು. ಪಾರ್ಲರ್‌ನಲ್ಲಿ ಮಾಡಿದ್ದು ಕೆರಾಟಿನ್ ಆಗಿದ್ದರೆ ಈ ದಾಖಲೆಯ ಅರ್ಧ ಬೇಕಿಲ್ಲ. ಅದು ಮೇಲಿನ ಲೇಪ. ಮೂರರಿಂದ ಐದು ತಿಂಗಳಲ್ಲಿ ತೊಳೆದು ಹೋಗುತ್ತದೆ, ಗುಂಗುರು ಬಹುಪಾಲು ಮರಳುತ್ತದೆ. ರೀಬಾಂಡಿಂಗ್, ಸ್ಮೂದನಿಂಗ್ ಹಾಗಲ್ಲ. ಒಮ್ಮೆ ನೇರವಾದ ಭಾಗ ಎಣ್ಣೆ, ಮಾಸ್ಕ್, ಸೀರಮ್ ಯಾವುದಕ್ಕೂ ಗುಂಗುರಾಗುವುದಿಲ್ಲ. ಅದನ್ನು ಕತ್ತರಿಸುವ ದಿನದವರೆಗೆ ಮುರಿಯದಂತೆ ಕಾಯಬೇಕು, ಅಷ್ಟೇ.

10 ಸೆಪ್ಟೆಂಬರ್ 2023 — ಇದ್ದದ್ದು ಏನು ಎಂಬ ಲೆಕ್ಕ

ಒಟ್ಟು ಉದ್ದ 54 ಸೆಂ.ಮೀ. ಅದರಲ್ಲಿ ಹೊಸದಾಗಿ ಬೆಳೆದದ್ದು ಎಳೆದು ಹಿಡಿದರೆ 4.5 ಸೆಂ.ಮೀ. ಕೂದಲನ್ನು ಪೂರ್ತಿ ನೆನೆಸಿ ಕನ್ನಡಿ ಮುಂದೆ ನಿಂತರೆ ಹೊಸದು ಎಲ್ಲಿ ಮುಗಿಯಿತು, ಹಳೆಯದು ಎಲ್ಲಿ ಶುರುವಾಯಿತು ಎಂದು ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಸ್ಪ್ರಿಂಗ್, ಕೆಳಗೆ ಇಲಿಬಾಲ. ಇವೆರಡೂ ಸೇರುವ ಜಾಗವನ್ನು ಮುಂದೆಲ್ಲ ಸಂದು ಎಂದು ಕರೆದಿದೆ.

ಒದ್ದೆ ಎಳೆ ಎಳೆದು ನೋಡುವ ಪರೀಕ್ಷೆ: ಉದುರಿದ ಕೂದಲಿನಿಂದ 4 ಸೆಂ.ಮೀ. ತುಂಡು ತೆಗೆದು, ನೀರಲ್ಲಿ 10 ನಿಮಿಷ ನೆನೆಸಿ, ಅಳತೆಪಟ್ಟಿಯ ಮೇಲೆ ನಿಧಾನ ಎಳೆದದ್ದು. ಹೊಸ ಭಾಗ 5.1 ಸೆಂ.ಮೀ. ತನಕ ಹಿಗ್ಗಿ, ಬಿಟ್ಟಾಗ 4ಕ್ಕೆ ಮರಳಿತು. ಹಳೆಯ ಭಾಗ ಚೂಯಿಂಗ್ ಗಮ್‌ನಂತೆ 5.9ಕ್ಕೆ ಹೋಗಿ, ಬಿಟ್ಟರೆ 4.8ರಲ್ಲೇ ನಿಂತಿತು, ಎರಡನೇ ಸಲಕ್ಕೆ ತುಂಡಾಯಿತು. ಸಂದು ನಡುವೆ ಬರುವಂತೆ ತೆಗೆದ ಮೂರು ತುಂಡುಗಳಲ್ಲಿ ಮೂರೂ 4.6 ದಾಟುವ ಮೊದಲೇ ಸಂದಿನಲ್ಲೇ ಮುರಿದವು. ಮುಂದಿನ 14 ತಿಂಗಳ ಕೆಲಸ ಯಾವುದನ್ನು ಕಾಯಬೇಕು ಎಂಬುದು ಈ ಮೂರು ತುಂಡುಗಳಿಂದಲೇ ತೀರ್ಮಾನವಾಯಿತು.

ಆ ದಿನದ ಸ್ನಾನದಲ್ಲಿ ಬಿದ್ದದ್ದನ್ನೆಲ್ಲ ಬಿಳಿ ಕಾಗದದ ಮೇಲೆ ಹರಡಿ ಎಣಿಸಿದ್ದು. ತುದಿಯಲ್ಲಿ ಬಿಳಿ ಗುಬುಟು ಇದ್ದರೆ ಅದು ಬುಡದಿಂದ ಸಹಜವಾಗಿ ಉದುರಿದ್ದು, ಲೆಕ್ಕಕ್ಕಿಲ್ಲ. ಗುಬುಟಿಲ್ಲದ ತುಂಡುಗಳು ಮಾತ್ರ ಮುರಿದವು. ಅಂಥವು 71. ಪ್ರತಿ ಹಂತದಲ್ಲೂ ಕೆಲಸ ಸರಿಹೋಯಿತೋ ಕೆಟ್ಟಿತೋ ಎಂದು ನೋಡಿದ್ದು ಈ ಒಂದೇ ಲೆಕ್ಕದಿಂದ. ಕೈಗೆ ಮೃದು ಅನ್ನಿಸುವುದನ್ನು ನಂಬಬಾರದು. ಸಿಲಿಕೋನ್ ಇರುವ ಯಾವ ಸೀರಮ್ ಹಚ್ಚಿದರೂ ಮುರಿಯುತ್ತಿರುವ ಕೂದಲೂ ರೇಷ್ಮೆಯಂತೆ ಅನ್ನಿಸುತ್ತದೆ.

17 ಸೆಪ್ಟೆಂಬರ್ – 15 ಅಕ್ಟೋಬರ್ — ಎಣ್ಣೆಯ ತಪ್ಪು

ಕೂದಲು ಒಣಗಿದೆ ಎಂದರೆ ನಮ್ಮ ಕಡೆ ಮೊದಲ ಉತ್ತರ ಎಣ್ಣೆ. ವಾರಕ್ಕೆ ಮೂರು ರಾತ್ರಿ, ಪ್ರತಿ ಸಲ 30 ಮಿ.ಲೀ. ಕೊಬ್ಬರಿ ಎಣ್ಣೆ ಬುಡದಿಂದ ತುದಿಯವರೆಗೆ ಹಚ್ಚಿ, ಬೆಳಿಗ್ಗೆ ತೊಳೆದದ್ದು. ನಾಲ್ಕು ವಾರ ಬಿಡದೆ ನಡೆಯಿತು.

ಆದದ್ದು ಹೀಗೆ. ಅಷ್ಟು ಎಣ್ಣೆ ಬಿಡಿಸಲು ಪ್ರತಿ ಸಲ ಎರಡು ಬಾರಿ ಶಾಂಪೂ ಬೇಕಾಯಿತು. ಎರಡನೇ ಶಾಂಪೂ ಇದ್ದಬದ್ದ ಪಸೆಯನ್ನೂ ತೆಗೆದುಕೊಂಡು ಹೋಯಿತು. ಒಣಗಿದ ಮೇಲೆ ತುದಿಗಳು ಕಡ್ಡಿಯಂತೆ ನಿಂತವು. ತೊಳೆಯದ ದಿನಗಳಲ್ಲಿ ಜಿಡ್ಡಿನ ಮೇಲೆ ನೀರು ಚಿಮುಕಿಸಿದರೆ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಜಾರಿದವು, ಒಳಗೆ ಹೋಗಲಿಲ್ಲ. 15 ಅಕ್ಟೋಬರ್‌ನ ಎಣಿಕೆ: 83. ಶುರುವಿಗಿಂತ ಹೆಚ್ಚು.

ಎಣ್ಣೆ ಪಸೆಯಲ್ಲ. ಪಸೆ ಕೊಡುವುದು ನೀರು, ಇದ್ದ ನೀರು ಬೇಗ ಹೋಗದಂತೆ ಮುಚ್ಚುವುದು ಎಣ್ಣೆ. ಒಣ ಕೂದಲಿಗೆ ಬರೀ ಎಣ್ಣೆ ಹಚ್ಚಿದರೆ ಒಣಗಿರುವುದಕ್ಕೇ ಮುಚ್ಚಳ ಹಾಕಿದಂತೆ. ಹಾಗೆಂದು ಕೊಬ್ಬರಿ ಎಣ್ಣೆಯನ್ನು ಬಿಟ್ಟಿಲ್ಲ. ಅದಕ್ಕೆ ಬೇರೆ ಕೆಲಸ ಇದೆ: ತೊಳೆಯುವ ಮೊದಲು ಹಚ್ಚಿದರೆ ಕೂದಲಿನೊಳಗೆ ಸ್ವಲ್ಪ ಇಳಿದು, ನೀರು ಕುಡಿದು ಉಬ್ಬುವುದನ್ನೂ ಪ್ರೋಟೀನ್ ಕಳೆದುಕೊಳ್ಳುವುದನ್ನೂ ತಗ್ಗಿಸುತ್ತದೆ. ಅದಕ್ಕೆ 8 ಮಿ.ಲೀ. ಸಾಕು, ಒಂದು ಗಂಟೆ ಸಾಕು, ಸಂದಿನಿಂದ ಕೆಳಗೆ ಮಾತ್ರ ಸಾಕು.

22 ಅಕ್ಟೋಬರ್ — ನೀರು ಅಳೆದದ್ದು

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಡಸುತನದ ಹನಿ ಕಿಟ್, 450 ರೂ. ಬಣ್ಣ ಬದಲಾಗುವವರೆಗೆ ಹನಿ ಎಣಿಸಬೇಕು, ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿ.ಗ್ರಾಂ. ಟಿಡಿಎಸ್ ಮೀಟರ್ ಇದಕ್ಕೆ ಆಗದು. ಅದು ಕರಗಿದ ಎಲ್ಲ ಲವಣಗಳನ್ನೂ ಸೇರಿಸಿ ಹೇಳುತ್ತದೆ, ಕೂದಲಿಗೆ ಅಂಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟೆಂದು ಬೇರೆ ಮಾಡಿ ಹೇಳುವುದಿಲ್ಲ.

ಕೊಳವೆಬಾವಿ ನೀರು 35 ಹನಿ, ಅಂದರೆ ಸುಮಾರು 625. ಕುಡಿಯುವ ನೀರಿಗೆ ಭಾರತೀಯ ಮಾನಕ 200ರ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಕಾವೇರಿ ನಲ್ಲಿ ಇರುವ ಇನ್ನೊಂದು ಮನೆಯಿಂದ ತಂದ ಬಾಟಲಿ 6 ಹನಿ. ಆರ್‌ಓ ನೀರು ಮೊದಲ ಹನಿಗೇ ಬಣ್ಣ ಬದಲಿಸಿತು.

ಕಿಟ್ ತರುವ ಮೊದಲೇ ಒಂದು ಶವರ್ ಫಿಲ್ಟರ್ ಕೊಂಡಾಗಿತ್ತು, 1,800 ರೂ. ಅದರೊಳಗಿಂದ ಬಂದ ನೀರು 34 ಹನಿ. ಇಂಥ ಫಿಲ್ಟರ್ ಕ್ಲೋರಿನ್ ವಾಸನೆ, ಮಣ್ಣು, ತುಕ್ಕನ್ನು ಹಿಡಿಯಬಹುದು, ಗಡಸುತನ ಅಲುಗುವುದಿಲ್ಲ. ನೀರನ್ನು ನಿಜವಾಗಿ ಮೆದು ಮಾಡಬೇಕಾದರೆ ಉಪ್ಪು ಹಾಕಿ ಆಗಾಗ ಮರುಜೀವ ಕೊಡಬೇಕಾದ ರೆಸಿನ್ ಸಾಫ್ಟ್‌ನರ್ ಬೇಕು. ಬಾಡಿಗೆ ಮನೆಗೆ ಅದು ದುಬಾರಿ. ಅದಕ್ಕೆ ಬದಲು ಮಾಡಿದ್ದು ಮೂರು ಕೆಲಸ:

1. ಮೂರು ವಾರಕ್ಕೊಮ್ಮೆ, ಇಡಿಟಿಎ (ಖನಿಜವನ್ನು ಹಿಡಿದು ಬಿಡಿಸುವ ರಾಸಾಯನಿಕ) ಇರುವ ಖನಿಜ ತೆಗೆಯುವ ಶಾಂಪೂ. ಹಚ್ಚಿ 4 ನಿಮಿಷ ಬಿಟ್ಟು ತೊಳೆದು, ತಕ್ಷಣ ಕಂಡೀಷನರ್. ಬಾಟಲಿಯ ಹೆಸರಿಗಿಂತ ಹಿಂದಿನ ಪಟ್ಟಿ ಓದುವುದು ಮುಖ್ಯ. ಇಡಿಟಿಎ ಕೊನೆಯ ಸಾಲಿನಲ್ಲಿದ್ದರೆ ಅದು ಶಾಂಪೂ ಕೆಡದಂತೆ ಹಾಕಿದ ಚೂರು ಮಾತ್ರ, ಕೂದಲಿಗೆ ಕೆಲಸ ಮಾಡುವಷ್ಟು ಇರುವುದಿಲ್ಲ.

2. ಕೊನೆಯ ನೀರು ಎರಡು ಲೀಟರ್ ಆರ್‌ಓ. ಯಂತ್ರದಿಂದ ಹೊರಹೋಗುವ ನೀರಲ್ಲ, ಕುಡಿಯುವ ನೀರು. ಹೊರಹೋಗುವ ನೀರನ್ನು ಉಳಿಸಿ ತಲೆಗೆ ಬಳಸುವವರು ಬಹಳ ಮಂದಿ. ಮೂಲ ನೀರಿಗಿಂತ ಅದು ಗಡಸು, ನೆಲ ಒರೆಸಲು ಇಟ್ಟುಕೊಳ್ಳಬೇಕು.

3. ಆ ಎರಡು ಲೀಟರಿಗೆ ಸಿಟ್ರಿಕ್ ಆಸಿಡ್.

ಮೂರನೆಯದರಲ್ಲಿ ಎಡವಿದ್ದು. ಕೊಳವೆಬಾವಿ ನೀರಿಗೆ ಲೀಟರಿಗೆ 1 ಗ್ರಾಂ ಹಾಕಿ ನೋಡಿದಾಗ ಪಿಎಚ್ ಕಾಗದ 4 ತೋರಿಸಿತ್ತು. ಅದೇ ಅಳತೆಯನ್ನು ಆರ್‌ಓ ನೀರಿಗೂ ಹಾಕಿದ್ದಕ್ಕೆ ತಲೆಚರ್ಮ ಚುರುಚುರು ಉರಿಯಿತು. ಆಮೇಲೆ ಕಾಗದ ಅದ್ದಿದರೆ 3ಕ್ಕಿಂತ ಕೆಳಗೆ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆಮ್ಲದ ಒಂದು ಪಾಲನ್ನು ನುಂಗಿಬಿಡುತ್ತದೆ, ಆರ್‌ಓ ನೀರಿನಲ್ಲಿ ನುಂಗಲು ಹೆಚ್ಚೇನೂ ಇಲ್ಲ. ಸರಿಯಾದದ್ದು: 10 ಗ್ರಾಂ ಸಿಟ್ರಿಕ್ ಆಸಿಡ್ ಅನ್ನು 500 ಮಿ.ಲೀ. ಆರ್‌ಓ ನೀರಿನಲ್ಲಿ ಕರಗಿಸಿ ಫ್ರಿಜ್‌ನಲ್ಲಿಟ್ಟು, ಪ್ರತಿ ಸ್ನಾನಕ್ಕೆ ಅದರಿಂದ 10 ಮಿ.ಲೀ. ಮಾತ್ರ ಎರಡು ಲೀಟರ್ ಆರ್‌ಓ ನೀರಿಗೆ. ಕಾಗದ 4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ ನೀರು ಬೇರೆ, ನಿಮ್ಮ ಅಳತೆ ಬೇರೆ. ಕಾಗದ ಅದ್ದದೆ ತಲೆಗೆ ಸುರಿಯಬೇಡಿ.

ಅಡಿಗೆ ಸೋಡಾ ಹಾಕಿ ತೊಳೆದರೆ ಕೂದಲು ಹಗುರಾಗುತ್ತದೆ ಎಂಬ ಸಲಹೆ ಎಲ್ಲೆಡೆ ಇದೆ. ರಾಸಾಯನಿಕ ಪೆಟ್ಟು ತಿಂದ ಕೂದಲಿಗೆ ಕ್ಷಾರ ಮತ್ತೊಂದು ಪೆಟ್ಟು. ಅದನ್ನು ಮಾಡಿ ನೋಡಲೇ ಇಲ್ಲ.

5 ನವೆಂಬರ್ — ಸ್ನಾನದ ಕ್ರಮ ಕೂತದ್ದು

ಮೊದಲ ಬಾರಿ ಖನಿಜ ತೆಗೆದ ಎರಡು ವಾರಕ್ಕೆ ಎಣಿಕೆ 52ಕ್ಕೆ ಇಳಿಯಿತು. ಅಲ್ಲಿಂದ ಕೊನೆಯವರೆಗೆ, ಟ್ಯಾಂಕರ್ ನೀರಿನ ಬೇಸಗೆ ಬಿಟ್ಟು, ವಾರಕ್ಕೊಮ್ಮೆ ಇದೇ ಕ್ರಮ:

ತೊಳೆಯುವ ಮುನ್ನ ಒಂದು ಗಂಟೆ, 8 ಮಿ.ಲೀ. ಕೊಬ್ಬರಿ ಎಣ್ಣೆ, ಸಂದಿನಿಂದ ತುದಿಗೆ. ಒಣ ಕೂದಲನ್ನೇ ನಾಲ್ಕು ಪಾಲು ಮಾಡಿ ಸಡಿಲ ತಿರುಚಿ, ಹಲ್ಲಿಲ್ಲದ ಕ್ಲಿಪ್ ಹಾಕುವುದು. ಮುಂದಿನದೆಲ್ಲ ಪಾಲು ಪಾಲಾಗಿಯೇ. ಇಡೀ ತಲೆಯನ್ನು ಒಟ್ಟಿಗೆ ಮೇಲಕ್ಕೆ ಗುಡ್ಡೆ ಹಾಕಿ ಉಜ್ಜಿದರೆ ಹೊಸ ಗುಂಗುರು ಹಳೆ ನೇರ ಕೂದಲನ್ನು ಸುತ್ತಿಕೊಂಡು ಗಂಟಾಗುತ್ತದೆ. ಆ ಗಂಟು ಬೀಳುವುದೂ ಸಂದಿನಲ್ಲೇ.

ಸಲ್ಫೇಟ್ ಇಲ್ಲದ ಶಾಂಪೂ 8 ಮಿ.ಲೀ., 60 ಮಿ.ಲೀ. ನೀರಿನಲ್ಲಿ ಕಲಕಿ, ಮೂತಿಯ ಬಾಟಲಿಯಿಂದ ಬೈತಲೆಗಳಿಗೆ ಮಾತ್ರ. ಬೆರಳ ತುದಿಯಿಂದ ಉಜ್ಜುವುದು, ಉಗುರು ತಾಕಬಾರದು. ಕೆಳಗಿನ ಕೂದಲಿಗೆ ಹರಿದು ಬರುವ ನೊರೆಯೇ ಸಾಕು. ನೀರು ಉಗುರುಬೆಚ್ಚಗೆ.

ಕಂಡೀಷನರ್ 30 ಮಿ.ಲೀ., ನಾಲ್ಕು ಪಾಲಿಗೆ ಸಮವಾಗಿ. ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚಬೇಕು. ಹಿಂಡಿದ ಮೇಲೆ ಹಚ್ಚಿದರೆ ಇದರ ಎರಡರಷ್ಟು ಬೇಕಾಗುತ್ತದೆ, ಆದರೂ ಜಾರುವುದಿಲ್ಲ. ಹಚ್ಚಿ 5 ನಿಮಿಷ ಬಿಟ್ಟು ಸಿಕ್ಕು ಬಿಡಿಸುವುದು.

ಎಲ್ಲಕ್ಕಿಂತ ಮುಖ್ಯವಾದ ಕೈಚಳಕ ಇಲ್ಲಿದೆ. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಸಂದಿನ ಸ್ವಲ್ಪ ಕೆಳಗೆ ಆ ಗೊಂಚಲನ್ನು ಬಿಗಿಯಾಗಿ ಹಿಡಿಯಬೇಕು. ಬಲಗೈಯ ಬೆರಳುಗಳಿಂದ ತುದಿಯ 5 ಸೆಂ.ಮೀ. ಬಿಡಿಸಿ, ಆಮೇಲೆ ಅದರ ಮೇಲಿನ 5, ಆಮೇಲೆ ಅದರ ಮೇಲಿನದು. ಎಳೆತವೆಲ್ಲ ಎಡಗೈ ಬೆರಳಿಗೆ ಬೀಳಬೇಕು, ಸಂದಿಗೆ ತಲುಪಬಾರದು. ಬೆರಳಿನಲ್ಲಿ ಬಿಡಿಸಿದ ಮೇಲೆಯೇ ಅಗಲ ಹಲ್ಲಿನ ಬಾಚಣಿಗೆ. ಮೊದಲ ವಾರಗಳಲ್ಲಿ ಇದಕ್ಕೇ 40 ನಿಮಿಷ ಹಿಡಿಯಿತು, ಮೂರು ತಿಂಗಳಾದ ಮೇಲೆ 15. ಆತುರವಿದ್ದ ಎರಡು ಸಲ ನೆತ್ತಿಯಿಂದ ಕೆಳಕ್ಕೆ ಬಾಚಿದ್ದಕ್ಕೆ ಆ ಎರಡು ಎಣಿಕೆಗಳು 60 ದಾಟಿವೆ.

ಕೊನೆಯ ನೀರಾದ ಮೇಲೆ ಹಳೆ ಹತ್ತಿ ಟೀ ಶರ್ಟ್‌ನಲ್ಲಿ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಹಿಚುಕಿ ಹಿಡಿಯುವುದು. ತೆಳು ಟವೆಲ್ಲನ್ನು ಹುರಿ ಮಾಡಿ ಒದ್ದೆ ಕೂದಲನ್ನು ಪಟಪಟ ಬಡಿದು ನೀರು ಉದುರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಒದ್ದೆಯಾದಾಗ ಕೂದಲು ಅತ್ಯಂತ ದುರ್ಬಲ, ಅದರಲ್ಲೂ ಈ ಸಂದು. ಅದನ್ನು ಪೂರ್ತಿ ನಿಲ್ಲಿಸಬೇಕು.

ನವೆಂಬರ್ 12 ನರಕ ಚತುರ್ದಶಿ. ಅಭ್ಯಂಗಕ್ಕೆ ಎಳ್ಳೆಣ್ಣೆ, ಸೀಗೆಪುಡಿ. ಸೀಗೆಯ ತರಿ ಸಂದುಗಳಲ್ಲಿ ಸಿಕ್ಕಿಕೊಂಡು, ಮೂರು ದಿನ ಉದುರುತ್ತಲೇ ಇತ್ತು. ಸೀಗೆ, ಅಂಟುವಾಳ ಬಳಸುವುದಾದರೆ ಪುಡಿಯನ್ನು ತಲೆಗೆ ತಿಕ್ಕಬಾರದು. 10 ಅಂಟುವಾಳವನ್ನು ಬೀಜ ತೆಗೆದು 400 ಮಿ.ಲೀ. ನೀರಿನಲ್ಲಿ ರಾತ್ರಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ತಿಳಿ ಮಾತ್ರ. ಗಡಸು ನೀರಿನಲ್ಲಿ ಸೋಪು ಕಟ್ಟುವ ಗಷ್ಟು ಇದಕ್ಕೆ ಕಟ್ಟುವುದಿಲ್ಲ, ಅದು ಇದರ ಗುಣ. ಆದರೆ ಎಣ್ಣೆಯನ್ನು ಚೆನ್ನಾಗಿಯೇ ಎಳೆಯುತ್ತದೆ, ವಾರವಾರ ಬೇಡ.

ಡಿಸೆಂಬರ್ – ಜನವರಿ 2024 — ಮೊಟ್ಟೆ, ಮಾಸ್ಕ್, ಬೆಣ್ಣೆ

ಎಣಿಕೆ 40ರಲ್ಲಿ ನಿಂತು ಕೆಳಗಿಳಿಯಲಿಲ್ಲ. ಹಳೆಯ ಭಾಗಕ್ಕೆ ಬಲ ಬೇಕೆಂದು ವಾರಕ್ಕೊಮ್ಮೆ ಪ್ರೋಟೀನ್ ಶುರುವಾಯಿತು: ಒಂದು ವಾರ ಮೊಟ್ಟೆ ಮೊಸರು, ಇನ್ನೊಂದು ವಾರ 850 ರೂಪಾಯಿಯ ಕೆರಾಟಿನ್ ಮಾಸ್ಕ್.

ಮೊಟ್ಟೆ ಗುಂಗುರಿನೊಳಗೆ ಬಿಳಿ ಚೂರುಗಳಾಗಿ ಕೂತಿತು. ತೆಗೆಯಲು ಎರಡು ದಿನ, ತೆಗೆಯುವಾಗ ಮುರಿದದ್ದು ಬೇರೆ. ಹಸಿ ಮೊಟ್ಟೆಯ ಪ್ರೋಟೀನ್ ಕೂದಲಿನೊಳಗೆ ಇಳಿಯುವಷ್ಟು ಚಿಕ್ಕದಲ್ಲ, ಮೇಲೆ ಒಣಗಿ ಕೂರುತ್ತದೆ. ಮಾಸ್ಕ್ ಹಳೆಯ ಭಾಗಕ್ಕೆ ನಿಜಕ್ಕೂ ಹಿಡಿತ ಕೊಟ್ಟಿತು: ಒದ್ದೆ ಎಳೆ 5.9ರ ಬದಲು 5.3ಕ್ಕೆ ನಿಂತಿತು. ಆದರೆ ಏನೂ ಕೆಟ್ಟಿರದ ಹೊಸ ಭಾಗ ಐದನೇ ವಾರಕ್ಕೆ ಭತ್ತದ ಹುಲ್ಲಿನಂತಾಯಿತು. ಅಲ್ಲಿ ಎಳೆದರೆ ಹಿಗ್ಗದೆ ಪಟ್ಟನೆ ಮುರಿಯತೊಡಗಿತು.

ಸರಿ ಮಾಡಿದ್ದು: ಮೂರು ವಾರ ಯಾವ ಪ್ರೋಟೀನೂ ಇಲ್ಲ, ಬರೀ ಕಂಡೀಷನರ್. ಆಮೇಲೆ ನಾಲ್ಕು ವಾರಕ್ಕೊಮ್ಮೆ, ಹೈಡ್ರೊಲೈಸ್ಡ್ (ಚಿಕ್ಕ ಚಿಕ್ಕ ತುಂಡಾಗಿಸಿದ) ಪ್ರೋಟೀನ್ ಇರುವ ಮಾಸ್ಕ್ 15 ಮಿ.ಲೀ., ಸಂದಿನಿಂದ ಕೆಳಗೆ ಮಾತ್ರ, 10 ನಿಮಿಷ. ಗಮ್‌ನಂತೆ ಹಿಗ್ಗಿದರೆ ಪ್ರೋಟೀನ್ ಸಾಲದು, ಹಿಗ್ಗದೆ ಮುರಿದರೆ ಪ್ರೋಟೀನ್ ಹೆಚ್ಚಾಯಿತು. ಒಂದೇ ತಲೆಯಲ್ಲಿ ಎರಡೂ ಇರಬಹುದು, ಅದಕ್ಕೇ ಹಚ್ಚುವ ಜಾಗ ಮುಖ್ಯ.

ಇದೇ ಚಳಿಗಾಲದಲ್ಲಿ ಶಿಯಾ ಬೆಣ್ಣೆಯ (ಆಫ್ರಿಕಾದ ಶಿಯಾ ಬೀಜದ ಗಟ್ಟಿ ಕೊಬ್ಬು) 600 ರೂಪಾಯಿಯೂ ಹೋಯಿತು. ರಾಸಾಯನಿಕ ಬಿಟ್ಟು ಸ್ವಂತ ಕೂದಲಿಗೆ ಮರಳುವ ಬಗ್ಗೆ ಸಿಗುವ ಅತ್ಯುತ್ತಮ ತಿಳಿವಳಿಕೆ ಅಮೆರಿಕದ ಕಪ್ಪು ಮಹಿಳೆಯರದು. ಟ್ರಾನ್ಸಿಷನ್ (ನಿಧಾನವಾಗಿ ಮರಳುವುದು), ಬಿಗ್ ಚಾಪ್ (ಹಳೆಯದನ್ನು ಒಮ್ಮೆಗೇ ಕತ್ತರಿಸುವುದು) ಎಂಬ ಮಾತುಗಳೇ ಅವರ ನಡುವೆ ಬೆಳೆದವು. ಪಾಲು ಮಾಡಿ ತೊಳೆಯುವುದು, ತುದಿಯಿಂದ ಮೇಲಕ್ಕೆ ಬಿಡಿಸುವುದು, ನೀರು ಮೊದಲು ಎಣ್ಣೆ ಕೊನೆಗೆ, ರಾತ್ರಿ ಸ್ಯಾಟಿನ್, ಎಲ್ಲ ಅಲ್ಲಿಂದ ಬಂದದ್ದು, ಎಲ್ಲ ಇಲ್ಲಿಯೂ ಕೆಲಸ ಮಾಡಿದವು. ಆದರೆ ಅವರು ಬಿಡುತ್ತಿದ್ದದ್ದು ಹೆಚ್ಚಾಗಿ ಸೋಡಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರದ ರಿಲ್ಯಾಕ್ಸರ್, ಅಂದರೆ ಅಲ್ಲಿಯ ಕೂದಲು ನೇರ ಮಾಡುವ ಕ್ರೀಮ್. ಇಲ್ಲಿಯ ರೀಬಾಂಡಿಂಗ್ ಥಯೋಗ್ಲೈಕೊಲೇಟ್ ಎಂಬ ಬೇರೆಯೇ ರಾಸಾಯನಿಕದ್ದು. ಒಂದನ್ನು ಮಾಡಿಸಿದ ಕೂದಲಿಗೆ ಇನ್ನೊಂದನ್ನು ಎಂದೂ ಹಾಕಬಾರದು, ಕೂದಲು ಕೈಯಲ್ಲೇ ಕರಗಿದಂತೆ ಕಿತ್ತು ಬರುತ್ತದೆ. ಇನ್ನು ಅವರ ಕೂದಲಿನ ಬಿಗಿ ಸುರುಳಿಗೆ ತಲೆಯ ಸಹಜ ಜಿಡ್ಡು ತುದಿಯವರೆಗೆ ಇಳಿಯುವುದೇ ಇಲ್ಲ, ಗಟ್ಟಿ ಬೆಣ್ಣೆ ಅಲ್ಲಿ ಬೇಕು. ಈ ತಲೆಯ ಬೆರಳಗಲದ ಸಡಿಲ ಗುಂಗುರು ಆ ಭಾರಕ್ಕೆ ಜೋತುಬಿದ್ದಿತು, ಬೈತಲೆ ಎಣ್ಣೆ ಸುರಿದಂತಾಯಿತು. ನಮ್ಮಲ್ಲೂ ಬಿಗಿ ಸುರುಳಿಯ ಕೂದಲಿದೆ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದವರಲ್ಲಿ. ಅಂಥ ಕೂದಲಿಗೆ ಇಲ್ಲಿಯ ಕ್ರೀಮಿನ ಅಳತೆ ಸಾಲದು, ಬೆಣ್ಣೆಯೂ ಹೊಂದುತ್ತದೆ, ಸ್ನಾನದ ಅಂತರವೂ ಹೆಚ್ಚಿರಬೇಕು.

11 ಫೆಬ್ರವರಿ — ಅಗಸೆ ಲೋಳೆ, ಇಸ್ತ್ರಿಯ ಅನಾಹುತ

ಪಸೆ ಹಿಡಿದಿಡಲು, ಎರಡು ಬಗೆಯ ಕೂದಲನ್ನು ಒಂದೇ ರೂಪಕ್ಕೆ ತರಲು ಲೋಳೆ ಬೇಕು. ಮಲೆನಾಡಿನ ಮತ್ತಿ ಸೊಪ್ಪು, ದಾಸವಾಳದ ಎಲೆ ಎರಡೂ ಒಳ್ಳೆಯವೇ. ಬೆಂಗಳೂರಿನಲ್ಲಿ ವರ್ಷವಿಡೀ ಸುಲಭಕ್ಕೆ ಸಿಗುವುದು ಚಟ್ನಿಪುಡಿಯ ಅಗಸೆ.

ಅಗಸೆ 40 ಗ್ರಾಂ, ಆರ್‌ಓ ನೀರು 480 ಮಿ.ಲೀ. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕದಡುತ್ತ 8 ನಿಮಿಷ. ಸೌಟಿನಿಂದ ಮೊಟ್ಟೆಯ ಬಿಳಿಯಂತೆ ದಾರ ಬಿಟ್ಟ ಕ್ಷಣ ಇಳಿಸಿ, ಬಿಸಿಯಿರುವಾಗಲೇ ಸೋಸಬೇಕು. ಮೊದಲ ಸಲ 11 ನಿಮಿಷ ಕುದಿಸಿ ಆರಲು ಬಿಟ್ಟದ್ದು ಬಟ್ಟೆಯಿಂದ ಇಳಿಯಲೇ ಇಲ್ಲ, ಇಡೀ ಪಾತ್ರೆ ಗಿಡದ ಬುಡಕ್ಕೆ. ಹಳೆ ನೈಲಾನ್ ಕಾಲುಚೀಲ ತೊಳೆದು ಅದರಲ್ಲಿ ಹಿಂಡಿದ್ದು ಸರಿಹೋಯಿತು. ಸಿಕ್ಕಿದ್ದು 250 ಮಿ.ಲೀ. ಫ್ರಿಜ್‌ನಲ್ಲಿ ಏಳು ದಿನ ಭದ್ರ. 12ನೇ ದಿನ ಹುಳಿ ವಾಸನೆ ಬಂದದ್ದನ್ನು ಎಸೆದದ್ದು. ಎರಡು ವಾರಕ್ಕೆ ಬೇಕೆಂದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಡಿ.

ಹಚ್ಚುವುದು ತೊಟ್ಟಿಕ್ಕುವ ಕೂದಲಿಗೆ: ಮೊದಲು ಲೀವ್‌ಇನ್ (ಹಚ್ಚಿ ತೊಳೆಯದೆ ಬಿಡುವ) ಕ್ರೀಮ್ 6 ಮಿ.ಲೀ., ಮೇಲೆ ಲೋಳೆ 20 ಮಿ.ಲೀ. ಅಂಗೈಯಲ್ಲಿ ಹಿಡಿದು ತಲೆಯ ಕಡೆಗೆ ಹಿಚುಕುವುದು. ನೇರ ತುದಿಗಳನ್ನು ಬೆರಳಿಗೆ ಸುತ್ತಿ, ಸಡಿಲ ಕ್ಲಿಪ್ ಹಾಕಿ ಒಣಗಲು ಬಿಟ್ಟರೆ ಎರಡು ದಿನ ಗುಂಗುರಿನಂತೆ ಕಾಣುತ್ತವೆ. ನೆರಳಲ್ಲಿ ಒಣಗಲು ಮೂರು ಗಂಟೆ. ಪೂರ್ತಿ ಒಣಗಿದ ಮೇಲೆ ಮೂರು ಹನಿ ಎಣ್ಣೆ ಅಂಗೈಗೆ ಸವರಿ, ಕೂದಲನ್ನು ಹಿಚುಕಿ, ಒಣಗಿದ ಲೋಳೆಯ ಗರಿಗರಿ ಮುರಿಯುವುದು.

ಲೋಳೆಗೆ 10 ಮಿ.ಲೀ. ಗ್ಲಿಸರಿನ್ ಸೇರಿಸಿದ್ದು ಫೆಬ್ರವರಿಯ ಒಣ ಹವೆಯಲ್ಲಿ ಅಂಟಂಟಾಗಿ, ಒಳಗೆ ಒಣಗಿಯೇ ಉಳಿಯಿತು. 2 ಮಿ.ಲೀ.ಗೆ ಇಳಿಸಿದ ಮೇಲೆ ಸರಿಯಾಯಿತು. ಜುಲೈನಲ್ಲಿ ಮಂಗಳೂರಿನ ಮಳೆಯಲ್ಲಿದ್ದ ಹತ್ತು ದಿನ ಆ 2 ಮಿ.ಲೀ. ಗ್ಲಿಸರಿನ್ ಕೂಡ ಹೆಚ್ಚಾಗಿ ಕೂದಲು ಉಬ್ಬಿ ಕೆದರಿತು. ಅಲ್ಲಿ ಗ್ಲಿಸರಿನ್ ಸೊನ್ನೆ, ಲೋಳೆ 30 ಮಿ.ಲೀ.

ಇದೇ ತಿಂಗಳು ಒಂದು ಮದುವೆ. ಎರಡು ಬಗೆಯ ಕೂದಲು ಒಂದೇ ಸಮ ಕಾಣಲೆಂದು 200 ಡಿಗ್ರಿಯಲ್ಲಿ ಸ್ಟ್ರೇಟ್ನರ್, ನೆತ್ತಿಯ ಮುಂಭಾಗಕ್ಕೆ ಮೂರು ಸಲ ಎಳೆತ. ತೊಳೆದ ಮೇಲೆ ಉಳಿದ ಹೊಸ ಕೂದಲೆಲ್ಲ ಸುರುಳಿಗೆ ಮರಳಿತು, ಬೆರಳಗಲದ ಒಂದು ಪಟ್ಟಿ ಮರಳಲಿಲ್ಲ. ಐದು ತಿಂಗಳು ಕಾಯ್ದ ಹೊಸ ಕೂದಲು ಹತ್ತು ನಿಮಿಷದಲ್ಲಿ ಹೋಯಿತು. ಈ ಕೆಲಸದಲ್ಲಿ ಹಿಂದಕ್ಕೆ ತರಲಾಗದ ತಪ್ಪು ಇದೊಂದೇ.

10 ಮಾರ್ಚ್ – ಮೇ — ಟ್ಯಾಂಕರ್ ನೀರು

2024ರ ಆ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದವು. ಇಲ್ಲಿಯದೂ ಬತ್ತಿತು. ಒಂದು ಟ್ಯಾಂಕರ್ 42 ಹನಿ, ಮುಂದಿನದು 22. ಯಾವ ನೀರು ಯಾವಾಗ ಬರುತ್ತದೆಂದು ತಿಳಿಯದ್ದರಿಂದ ಎಣಿಕೆ ಮತ್ತೆ 58ಕ್ಕೆ ಏರಿತು. ಸ್ನಾನ ಹತ್ತು ದಿನಕ್ಕೊಮ್ಮೆ, ಒಟ್ಟು ನೀರು ಒಂದೂವರೆ ಬಕೆಟ್. ಪಾಲು ಮಾಡಿ ತೊಳೆಯುವ ಕ್ರಮ ಇಲ್ಲಿ ಕೈಹಿಡಿಯಿತು: ಒಂದೊಂದು ಪಾಲಿಗೆ ನಾಲ್ಕು ಚೊಂಬು ಸಾಕಾಯಿತು. ಖನಿಜ ತೆಗೆಯುವ ಶಾಂಪೂ ಎರಡು ಸ್ನಾನಕ್ಕೊಮ್ಮೆ. ನಡುವಿನ ದಿನಗಳಲ್ಲಿ 150 ಮಿ.ಲೀ. ಆರ್‌ಓ ನೀರಿಗೆ 5 ಮಿ.ಲೀ. ಕಂಡೀಷನರ್ ಕಲಕಿ, ಸಂದಿನ ಮೇಲೆ ಮಂಜಿನಂತೆ ಸಿಂಪಡಿಸಿ ಅಂಗೈಯಿಂದ ಒತ್ತುವುದು. ಈ ಬಾಟಲಿಯನ್ನು ಎರಡು ದಿನಕ್ಕಿಂತ ಹೆಚ್ಚು ಇಡಬಾರದು. ನೀರು ಬೆರೆಸಿದಾಗ ಕಂಡೀಷನರ್‌ನಲ್ಲಿದ್ದ ಕೆಡದಂತೆ ಕಾಯುವ ಅಂಶವೂ ತೆಳುವಾಗುತ್ತದೆ. ಮರೆತು ಒಂಬತ್ತು ದಿನ ಬಿಟ್ಟ ಬಾಟಲಿಯ ಕತ್ತಿನಲ್ಲಿ ಕಪ್ಪು ಬೂಷ್ಟು ಬಂದಿತ್ತು.

ಜೂನ್ – ಅಕ್ಟೋಬರ್ — ಕಟ್ಟುವುದು, ಮುಡಿಯುವುದು

ಹೊಸ ಕೂದಲು 14 ಸೆಂ.ಮೀ. ಆದಾಗ ಸಂದು ಸರಿಯಾಗಿ ಕಿವಿಯ ಮಟ್ಟಕ್ಕೆ ಬಂತು. ಜುಟ್ಟಿನ ರಬ್ಬರ್ ಬ್ಯಾಂಡ್ ಬೀಳುವುದೂ ಅಲ್ಲೇ. ಎರಡು ವಾರ ಗಮನಿಸದೆ ಒಂದೇ ಕಡೆ ಕಟ್ಟಿದ್ದಕ್ಕೆ ಎಡಗಡೆ ಒಂದು ಗೊಂಚಲು ಪೂರ್ತಿ ಸಂದಿನಲ್ಲೇ ಕತ್ತರಿಸಿ ಬಂತು. ಆಮೇಲೆ ಬಟ್ಟೆ ಸುತ್ತಿದ ಅಗಲ ಬ್ಯಾಂಡ್, ಕಟ್ಟುವ ಎತ್ತರ ದಿನಾ ಬದಲು, ಸಂದಿನಿಂದ ಕನಿಷ್ಠ ಮೂರು ಬೆರಳು ದೂರ.

ಅತ್ಯುತ್ತಮವಾಗಿ ಕಾಯ್ದದ್ದು ಎರಡು ಸಡಿಲ ಜಡೆ. ಅರೆಒದ್ದೆಯಲ್ಲಿ ಹೆಣೆದರೆ ಹಳೆಯ ಭಾಗಕ್ಕೂ ಅಲೆ ಬರುತ್ತದೆ. ಕಣತಲೆಯ ಬಳಿ ಚರ್ಮ ಎಳೆದು ಉಬ್ಬಿದಂತೆ ಕಂಡರೆ ಬಿಚ್ಚಿ ಮತ್ತೆ ಹೆಣೆಯಿರಿ, ಅಲ್ಲಿಯ ಬುಡ ಒಮ್ಮೆ ಸೋತರೆ ಮರಳುವುದು ಕಷ್ಟ. ಮಲ್ಲಿಗೆ ಮಾಲೆ ಮುಡಿಯುವಾಗ ತುದಿಯ ಪ್ಲಾಸ್ಟಿಕ್ ಹನಿ ಉದುರಿದ ಪಿನ್ನು ಬೇಡ. ಅದರ ಅಂಚು ಬ್ಲೇಡಿನಂತೆ ಕೆಲಸ ಮಾಡುತ್ತದೆ. ಮಾಲೆಯನ್ನು ಜಡೆಯ ಹೆಣಿಗೆಯೊಳಗೇ ನೂಲಿನಿಂದ ಸಿಕ್ಕಿಸಿದರೆ ಪಿನ್ನೇ ಬೇಕಿಲ್ಲ. ರಾತ್ರಿ ಸ್ಯಾಟಿನ್ ದಿಂಬಿನ ಚೀಲ. ಹತ್ತಿ ದಿಂಬು ಕೂದಲಿನ ಪಸೆ ಹೀರಿ, ಉಜ್ಜಿ, ಬೆಳಿಗ್ಗೆಗೆ ಗಂಟು ಮಾಡಿ ಕೊಡುತ್ತದೆ.

ಎಂಟು ವಾರಕ್ಕೊಮ್ಮೆ 3 ಸೆಂ.ಮೀ. ಕತ್ತರಿಸುತ್ತ ಬಂದದ್ದು. ಸೀಳಿದ ತುದಿಯನ್ನು ಉಳಿಸಿದರೆ ಸೀಳು ಮೇಲಕ್ಕೇ ಏರುತ್ತದೆ. ಅಕ್ಟೋಬರ್ ಕೊನೆಯ ಎಣಿಕೆ: 17.

24 ನವೆಂಬರ್ 2024 — ಕತ್ತರಿ

ಹೊಸ ಕೂದಲು ಎಳೆದರೆ 20 ಸೆಂ.ಮೀ., ಬಿಟ್ಟರೆ 13. ಕಾಗದ, ಬಟ್ಟೆ ಎಂದೂ ಕತ್ತರಿಸದ, ಕೂದಲಿಗೇ ಮೀಸಲಾದ 550 ರೂಪಾಯಿಯ ಕತ್ತರಿ. ಒಣಗಿದ್ದಾಗ ಸಂದು ಕಾಣುವುದಿಲ್ಲ. ಪೂರ್ತಿ ನೆನೆಸಿ, ಕಂಡೀಷನರ್ ಹಚ್ಚಿ ಬಿಡಿಸಿ, ಒಂದೊಂದೇ ಸುರುಳಿ ಬೆರಳಿನಲ್ಲಿ ಹಿಡಿದು ಇಲಿಬಾಲ ಶುರುವಾಗುವಲ್ಲಿಂದ ಅರ್ಧ ಸೆಂ.ಮೀ. ಮೇಲೆ ಕತ್ತರಿಸುವುದು. ಎಳೆದು ಹಿಡಿದು ಒಂದೇ ಗೆರೆಗೆ ಕತ್ತರಿಸಬೇಡಿ. ನೆತ್ತಿಯ ಗುಂಗುರು ಬಿಗಿ, ಹಿಂದಿನದು ಸಡಿಲ, ಒಣಗಿದಾಗ ಒಂದು ಕಡೆ ಮೊಟಕಾಗಿ ಮೇಲೇರುತ್ತದೆ. ಮೊದಲ ನಾಲ್ಕು ಸುರುಳಿಗಳಲ್ಲಿ ಹಾಗೇ ಆಗಿ, ಹಿಂಭಾಗವಾದದ್ದರಿಂದ ಮುಚ್ಚಿತು. ಎರಡು ಗಂಟೆ ಹತ್ತು ನಿಮಿಷ. ಪೂರ್ತಿ ಒಣಗಿದ ಮೇಲೆ ಚಾಚಿಕೊಂಡದ್ದನ್ನು ಮಾತ್ರ ಸವರಿದ್ದು.

ಕತ್ತರಿಸಿದ ಮೊದಲ ವಾರ ಹಳೆಯ ಅಳತೆಯಲ್ಲೇ ಕ್ರೀಮ್ ಹಚ್ಚಿದ್ದರಿಂದ ಕೂದಲು ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತು. ಈಗಿನ ಅಳತೆ: ಕಂಡೀಷನರ್ 15 ಮಿ.ಲೀ., ಕ್ರೀಮ್ 3, ಲೋಳೆ 12, ತೊಳೆಯುವ ಮುಂಚಿನ ಎಣ್ಣೆ 4. ಪ್ರೋಟೀನ್ ನಿಲ್ಲಿಸಿದೆ. ಆರ್‌ಓ ನೀರು, ಖನಿಜ ತೆಗೆಯುವ ಶಾಂಪೂ ಮುಂದುವರಿದಿವೆ, ನೀರು ಬದಲಾಗಿಲ್ಲವಲ್ಲ.

ಖರ್ಚು, 14 ತಿಂಗಳಿಗೆ: ಕಂಡೀಷನರ್ ಐದು ಬಾಟಲಿ 1,900. ಶಾಂಪೂ 700, ಖನಿಜ ತೆಗೆಯುವುದು 650. ಲೀವ್‌ಇನ್ 840. ಅಗಸೆ 300, ಕೊಬ್ಬರಿ ಎಣ್ಣೆ 250. ಹನಿ ಕಿಟ್ 450, ಪಿಎಚ್ ಕಾಗದ 120, ಸಿಟ್ರಿಕ್ ಆಸಿಡ್ 60. ಬಾಚಣಿಗೆ 90, ದಿಂಬಿನ ಚೀಲ ಎರಡು 500, ಕತ್ತರಿ 550. ಇಷ್ಟು 6,410 ರೂ. ಪ್ರೋಟೀನ್‌ಗೆ ಆ 850ರ ಮಾಸ್ಕನ್ನೇ ಸಂದಿನ ಕೆಳಗೆ ಹಚ್ಚಿ ಮುಗಿಸಿದ್ದು, ಅದು ಸೇರಿದರೆ 7,260. ಶವರ್ ಫಿಲ್ಟರ್, ಶಿಯಾ ಬೆಣ್ಣೆಯ 2,400 ಪೂರ್ತಿ ವ್ಯರ್ಥ.

ಉಳಿದ ಕೆಲಸ: ಸ್ಟ್ರೇಟ್ನರ್ ತಾಕಿದ ಮುಂಭಾಗದ ಪಟ್ಟಿ ಇನ್ನೂ ನೇರ. ಬುಡದಿಂದ ಅದರ ಮೇಲೆ 11 ಸೆಂ.ಮೀ. ಗುಂಗುರು ಬಂದಿದೆ, ಕೆಳಗಿನ 9 ಸೆಂ.ಮೀ. ಹೋಗಬೇಕು. ಅಲ್ಲೊಂದು ಸಣ್ಣ ಸಂದು ಉಳಿದಿದೆ. ಬೈತಲೆಯನ್ನು ಬಲಕ್ಕೆ ಸರಿಸಿ ಅದನ್ನು ಮುಚ್ಚಿದೆ. ತಿಂಗಳಿಗೆ 1 ಸೆಂ.ಮೀ. ಕತ್ತರಿಸುತ್ತ ಹೋದರೆ ಒಂಬತ್ತು ತಿಂಗಳ ಕೆಲಸ.